ಖಾಯಂ ಅಭ್ಯರ್ಥಿ ವೆರ್ನಾ ಹ್ಯಾಕೆಟ್

ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವವರನ್ನು ವಿಮಾನ ನಿಲ್ದಾಣದ ಐವತ್ತು ಮೈಲಿ ಆಸುಪಾಸಿನಲ್ಲಿ ಎಲ್ಲಿಯೂ ಆಯ್ಕೆ ಮಾಡತಕ್ಕದ್ದಲ್ಲವೆಂದು ಪ್ರಯಾಣಿಕ ತಪಾಸಣಾ ಮಂಡಳಿಯ ನಿಯಮ ಹದಿನಾಲ್ಕು ಸ್ಪಷ್ಟವಾಗಿ ಹೇಳುತ್ತದೆ. ಕಾರಣವೂ ಅಷ್ಟೇ ಸ್ಪಷ್ಟ. ವಿಮಾನ ನಿಲ್ದಾಣವೆಂದರೆ ಅಪಾಯದ ಜಾಗ. ಅಂಥ ಜಾಗದಲ್ಲಿ ಪರೀಕ್ಷಕರನ್ನು ಕೂರಿಸುವುದು ಸರ್ಕಾರಕ್ಕೆ ಶೋಭೆಯಲ್ಲ. ಆದ್ದರಿಂದ ಮೊಂಟಾನಾ ರಾಜ್ಯದ ಬಿಟರ್ ಫೋರ್ಕ್ ಎಂಬ ಊರಿನ ವಿಮಾನ ನಿಲ್ದಾಣಕ್ಕೆ ನಾಲ್ಕು ಜನ ತಪಾಸಕರನ್ನು ನೇಮಿಸುವ ಸಲುವಾಗಿ, ಅಲ್ಲಿಂದ ಏಳುನೂರು ಮೈಲಿ ದೂರದಲ್ಲಿ, ಕೊಲೊರಾಡೊದ ಬೆಟ್ಟವೊಂದರ ನೆತ್ತಿಯ ಮೇಲೆ, ಕೇಬಲ್ ಕಾರಿನಲ್ಲಲ್ಲದೆ ಬೇರೆ ಹೇಗೂ ತಲುಪಲಾಗದ ಒಂದು ಐಷಾರಾಮಿ ಹೋಟೆಲನ್ನು ಚಳಿಗಾಲದ ಏಳು ವಾರಗಳ ಮಟ್ಟಿಗೆ ಇಡಿಯಾಗಿ ಗೊತ್ತುಮಾಡಲಾಯಿತು. ಆ ಹೋಟೆಲಿನ ಬಾಗಿಲಿಗೇ ಹಿಮದ ಮೇಲೆ ಜಾರುವ ಇಳಿಜಾರು ಬಂದು ಸೇರುತ್ತಿದ್ದದ್ದು ಕೇವಲ ಭೂಗೋಳದ ಮಾತು.

ಈ ಏರ್ಪಾಡು ವೆರ್ನಾ ಹ್ಯಾಕೆಟ್‌ಳಿಗೆ ತಿಳಿದದ್ದು ಅಂಚೆಯಲ್ಲಿ ಬಂದ ಪತ್ರದಿಂದ. ವೆರ್ನಾ ಹನ್ನೊಂದು ವರ್ಷದಿಂದ ಬಿಟರ್ ಫೋರ್ಕಿನ ನಿಲ್ದಾಣದಲ್ಲಿ ಚೀಲ ನೋಡುವ ಯಂತ್ರದ ಮುಂದೆ ಕೂತವಳು. ಚೋಕ್‌ಚೆರಿ ಎಂಬ ಕಾಡುಹಣ್ಣಿನ ಜಾಮಿನ ಬಾಟಲಿ ಯಾರ ಮನೆಯದೆಂದು ಅದರ ಮುಚ್ಚಳದ ನೆರಳು ನೋಡಿಯೇ ಹೇಳುವಳು. ಬೇಟೆಯ ಕಾಲದಲ್ಲಿ ಊರಿನ ಗಂಡಸರೆಲ್ಲ ಚೀಲದಲ್ಲಿ ಚಾಕು ಮರೆತು ಬರುವವರೇ. ವೆರ್ನಾ ಅದನ್ನು ಕಸಿದು ಕಾಫಿ ಡಬ್ಬಿಗೆ ಹಾಕಿ, ವಾಪಸು ಬಂದಾಗ ಮಗ್ಗಿ ಒಪ್ಪಿಸಿದ ಹುಡುಗರಿಗೆ ಮಿಠಾಯಿ ಕೊಟ್ಟಂತೆ ಕೊಡುತ್ತಿದ್ದಳು. ಇಷ್ಟು ಕಾಲ ಅವಳಿಗೆ ಸಂಬಳ ಕೊಟ್ಟದ್ದು ಖಾಸಗಿ ಕಂಪನಿ. ಈಗ ಆ ಕೆಲಸವನ್ನೆಲ್ಲ ಸರ್ಕಾರ ವಹಿಸಿಕೊಂಡಿತ್ತು. ಪತ್ರದಲ್ಲಿ ಹೀಗಿತ್ತು:

"ತಾವು ಹನ್ನೊಂದು ವರ್ಷಗಳಿಂದ ನಿರ್ವಹಿಸುತ್ತಿರುವ ಕೆಲಸಕ್ಕೆ ತಾವು ತಕ್ಕವರೇ ಎಂಬುದು ಇದುವರೆಗೂ ತಿಳಿದುಬಂದಿರುವುದಿಲ್ಲ. ಆದಕಾರಣ ತಾವು ಖುದ್ದಾಗಿ ಹಾಜರಾಗಿ ಪರೀಕ್ಷೆಗೆ ಒಳಪಡತಕ್ಕದ್ದು. ಹಾಜರಾಗದವರು ಅನರ್ಹರು. ಹಾಜರಾದವರು ತಾವು ಅರ್ಹರೆಂದು ಭಾವಿಸತಕ್ಕದ್ದಲ್ಲ. ಪ್ರಯಾಣದ ಖರ್ಚು ಅಭ್ಯರ್ಥಿಯದು, ಪರೀಕ್ಷಕರದು ಸರ್ಕಾರದ್ದು."

ಅವಳ ಜೊತೆ ಕೆಲಸ ಮಾಡುತ್ತಿದ್ದ ಮೂವರಿಗೂ ಇದೇ ಪತ್ರ ಬಂತು. ಒಬ್ಬಳು ಮಗಳ ಊರಿಗೆ ಗಂಟುಮೂಟೆ ಕಟ್ಟಿದಳು, ಒಬ್ಬ ಸಕ್ಕರೆ ಕಾರ್ಖಾನೆ ಸೇರಿದ, ಇನ್ನೊಬ್ಬ ಪತ್ರವನ್ನು ಒಲೆಗೆ ಹಾಕಿದ. ವೆರ್ನಾ ಹಾಗೆ ಮಾಡುವಂತಿರಲಿಲ್ಲ. ಅವಳ ಗಂಡ ಓರಿನ್ ಇಪ್ಪತ್ತಾರು ವರ್ಷ ಗೋಧಿ ಉಗ್ರಾಣದಲ್ಲಿ ದುಡಿದವನು; ಸಂಧಿವಾತ ಹಿಡಿದು ಈಗ ಅವನ ಬೆರಳು ಬೇರುಗಳ ಹಾಗೆ ಸೊಟ್ಟಗಾಗಿದ್ದವು. ವಾರಕ್ಕೆರಡು ಸೂಜಿ ಬಿದ್ದರೆ ಚಮಚ ಹಿಡಿಯುತ್ತಿದ್ದ, ಬೀಳದಿದ್ದರೆ ಅವಳೇ ತಿನ್ನಿಸಬೇಕು. ಆ ಸೂಜಿಯ ದುಡ್ಡು ಬರುತ್ತಿದ್ದದ್ದು ಅವಳ ನೌಕರಿಯ ವಿಮೆಯಿಂದ. ನೌಕರಿ ಹೋದರೆ ವಿಮೆ ಹೋಯಿತು, ವಿಮೆ ಹೋದರೆ ಓರಿನ್ನನ ಕೈ ಹೋಯಿತು. ಇದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ.

"ಹೋಗ್ಬೇಡ ಬಿಡು," ಅಂದ ಓರಿನ್. "ಏಳ್ನೂರು ಮೈಲಿ. ಆ ಹಳೇ ಗಾಡಿ ವಯೋಮಿಂಗ್ ದಾಟೋದ್ರೊಳಗೆ ಕೈ ಕೊಡುತ್ತೆ."

"ಹೋಗದೇ ಇದ್ರೆ ನಿನ್ನ ಸೂಜಿಗೆ ಯಾರು ಕೊಡ್ತಾರೆ? ನಿಮ್ಮಪ್ಪ ಬರ್ತಾನಾ?"

"ನಮ್ಮಪ್ಪ ಸತ್ತು ಮೂವತ್ತು ವರ್ಷ ಆಯ್ತಲ್ಲೇ."

"ಅದಕ್ಕೇ ನಾನು ಹೋಗ್ತಿರೋದು."

ಎರಡು ದಿನ ಗಾಡಿ ಓಡಿಸಿ, ಪೆಟ್ರೋಲ್ ಬಂಕಿನ ಪಕ್ಕ ಅದರಲ್ಲೇ ಮಲಗಿ, ಬ್ರೆಡ್ಡು ಮೊಟ್ಟೆ ತಿಂದುಕೊಂಡು ವೆರ್ನಾ ಬೆಟ್ಟದ ಬುಡ ಮುಟ್ಟಿದಳು. ಕೇಬಲ್ ಕಾರಿನಲ್ಲಿ ಮೇಲೆ ಹೋದಳು. ಹೋಟೆಲಿನ ಹಜಾರದಲ್ಲಿ ಆಳೆತ್ತರದ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಅದಕ್ಕೆ ಎದುರಾಗಿ, ಕರಗದಂತೆ ಫ್ಯಾನ್ ಹಾಕಿಸಿಕೊಂಡು, ಮಂಜುಗಡ್ಡೆಯಲ್ಲಿ ಕೆತ್ತಿದ ವಿಮಾನವೊಂದು ನಿಂತಿತ್ತು. ರೆಕ್ಕೆಯ ಮೇಲೆ ಸಾಲಾಗಿ ಸಿಗಡಿ ಜೋಡಿಸಿದ್ದರು. ಇದು ಅಭ್ಯರ್ಥಿಗಳಿಗೆ ಕೆಲಸದ ವಾತಾವರಣ ಪರಿಚಯಿಸುವ ಸಲಕರಣೆ ಎಂದು ಪಕ್ಕದ ಫಲಕ ಹೇಳುತ್ತಿತ್ತು.

ಮೇಜಿನ ಹಿಂದೆ ಕೂತಿದ್ದ ಹೆಂಗಸಿನ ಹೆಸರು ಮಾರ್ಲಿಸ್. ನೇಮಕಾತಿ ನಡೆಸಲು ಮಂಡಳಿ ಗುತ್ತಿಗೆ ಕೊಟ್ಟಿದ್ದ ಖಾಸಗಿ ಸಂಸ್ಥೆಯ ಪ್ರಯಾಣ ಭತ್ಯೆ ವಿಭಾಗ ಅವಳ ಕೈಯಲ್ಲಿತ್ತು.

"ಯಾರು ಬೇಕಾಗಿತ್ತು ಅಮ್ಮಾ?"

"ಯಾರೂ ಬೇಡ. ನಾನು ಅಭ್ಯರ್ಥಿ."

ಮಾರ್ಲಿಸ್ ಪೆನ್ನು ಕೆಳಗಿಟ್ಟಳು. "ಅಂದ್ರೆ, ಪರೀಕ್ಷೆ ಬರೆಯೋ ಅಭ್ಯರ್ಥಿನಾ?"

"ಬೇರೆ ಥರದವರೂ ಇದ್ದಾರಾ?"

"ಇಲ್ಲ, ಯಾವ ಥರದವರೂ ಬಂದಿರ್ಲಿಲ್ಲ, ಅದಕ್ಕೆ ಕೇಳ್ದೆ," ಎಂದು ಮಾರ್ಲಿಸ್ ಒಳಗೆ ಓಡಿದಳು.

ಕೇಂದ್ರ ತೆರೆದು ಮೂರು ವಾರವಾಗಿತ್ತು. ನಲವತ್ತೊಂದು ಜನ ಸಿಬ್ಬಂದಿಯಿದ್ದರು. ನಾಲ್ಕು ಹುದ್ದೆಗೆ ನಲವತ್ತೊಂದು ಪರೀಕ್ಷಕರು ಹೆಚ್ಚಾಯಿತಲ್ಲವೇ ಎಂದು ಮೂಗು ಮುರಿಯುವವರು ನಿಯಮ ಓದಿದವರಲ್ಲ. ಹಲ್ಲು ನೋಡುವ ವೈದ್ಯರು ಬೇಕು, ಬೆರಳಚ್ಚು ತೆಗೆಯುವವರು ಬೇಕು, ಬೆರಳಚ್ಚು ತೆಗೆಯುವವರ ಬೆರಳಚ್ಚು ತೆಗೆಯುವವರು ಬೇಕು; ಇಷ್ಟು ಜನರ ಊಟದ ಬಿಲ್ಲಿಗೆ ಸಹಿ ಹಾಕುವವರು, ಆ ಸಹಿ ಸರಿಯಿದೆಯೆಂದು ಇನ್ನೊಂದು ಸಹಿ ಹಾಕುವವರು ಬೇಡವೇ? ಸುದ್ದಿ ತಿಳಿದು ಅವರೆಲ್ಲ ಹಜಾರಕ್ಕೆ ಬಂದರು. ಕೆಲವರ ಕಾಲಲ್ಲಿ ಹಿಮದ ಬೂಟು, ಕೆಲವರ ಸೊಂಟದಲ್ಲಿ ಬಿಸಿನೀರಿನ ಕೊಳದಿಂದೆದ್ದ ಟವೆಲು. ಎಲ್ಲರ ಮುಖವೂ ಬಿಸಿಲಿಗೆ ಕೆಂಪಾಗಿ, ಕನ್ನಡಕ ಹಾಕಿದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಅಭ್ಯರ್ಥಿ ಹೇಗಿರುತ್ತಾಳೆಂದು ಕಣ್ತುಂಬ ನೋಡಿದರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಮಾರನೆಯ ಬೆಳಗ್ಗೆ ಪರೀಕ್ಷೆ. ಸಂಸ್ಥೆಯ ಪರವಾಗಿ ಕೇಂದ್ರವನ್ನು ನಡೆಸುತ್ತಿದ್ದ ಗ್ರೇಡನ್ ಪೆಲ್ಹ್ಯಾಮ್ ಎಂಬ ನಿರ್ದೇಶಕರು ಖುದ್ದಾಗಿ ನಿಂತರು. ಪರದೆಯ ಮೇಲೆ ಐವತ್ತು ಚೀಲಗಳ ಚಿತ್ರ ಒಂದೊಂದಾಗಿ ಬಂತು. ವೆರ್ನಾ ಐವತ್ತಕ್ಕೂ ಸರಿಯುತ್ತರ ಕೊಟ್ಟಳು. ಮೂವತ್ತೊಂದನೆಯ ಚೀಲದಲ್ಲಿ ಮಾತ್ರ, ಸರಿಯುತ್ತರದ ಪಟ್ಟಿಯಲ್ಲಿ ಟೂತ್‌ಪೇಸ್ಟು ಎಂದಿದ್ದರೆ, ಟೂತ್‌ಪೇಸ್ಟಿನ ಜೊತೆಗೆ ಬೂಟಿನ ಅಟ್ಟೆಯಲ್ಲಿ ಕ್ಷೌರದ ಅಲಗೂ ಇದೆ ಅಂದಳು. ಚಿತ್ರ ಮಾಡಿದವರಿಗೇ ಅದು ಗೊತ್ತಿರಲಿಲ್ಲ. ದೊಡ್ಡದು ಮಾಡಿ ನೋಡಿದರು. ಇತ್ತು. ಹೀಗೆ ಅವಳಿಗೆ ಐವತ್ತಕ್ಕೆ ಐವತ್ತೊಂದು ಅಂಕ ಬಂತು.

ಪೆಲ್ಹ್ಯಾಮ್ ಅವಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು.

"ಮಿಸೆಸ್ ಹ್ಯಾಕೆಟ್, ನೀವು ಪಾಸಾಗಿದ್ದೀರಿ. ಅದೇ ತೊಂದರೆ."

"ಪಾಸಾದ್ರೆ ತೊಂದರೆ ಏನು ಸಾರ್?"

"ಬಿಡಿಸಿ ಹೇಳ್ತೀನಿ ಕೇಳಿ. ನಮ್ಮ ಸಂಸ್ಥೆಗೆ ಮಂಡಳಿ ಕೊಡೋದು ಆದ ಖರ್ಚು, ಆ ಖರ್ಚಿನ ಮೇಲೆ ನೂರಕ್ಕೆ ಹತ್ತು. ನೀವು ಪಾಸಾದ್ರೆ ಒಂದು ಹುದ್ದೆ ತುಂಬಿತು. ಸುದ್ದಿ ಹರಡುತ್ತೆ, ಇನ್ನೂ ಮೂರು ಜನ ಬರ್ತಾರೆ, ನಾಲ್ಕೂ ತುಂಬುತ್ತೆ. ಆಮೇಲೆ ನಾವು ಇಲ್ಲಿ ಯಾಕಿರಬೇಕು?"

"ಅದಕ್ಕೇ ಅಲ್ವಾ ನೀವು ಬಂದಿರೋದು?"

"ಬಂದಿರೋದು ಅದಕ್ಕೇ. ಮುಗಿಸೋದಕ್ಕಲ್ಲ."

"ಹಾಗಾದ್ರೆ ಅಭ್ಯರ್ಥಿಗಳೇ ಬರದೇ ಇದ್ರೆ ನಿಮಗೆ ಒಳ್ಳೇದು," ಅಂದಳು ವೆರ್ನಾ.

"ಅದೂ ಕಷ್ಟವೇ. ಮೂರು ವಾರದಿಂದ ನನ್ನ ನಿದ್ದೆ ಕೆಟ್ಟಿದೆ. ಯಾರೂ ಬರಲ್ಲ ಅಂದ್ರೆ ಮಂಡಳಿ ಕೇಂದ್ರ ಮುಚ್ಚುತ್ತೆ. ನಮಗೆ ಬೇಕಾದ್ದು ಬರುವ ಅಭ್ಯರ್ಥಿ, ಆದರೆ ಪಾಸಾಗದ ಅಭ್ಯರ್ಥಿ. ಅಂಥವರು ಎಲ್ಲಿ ಸಿಗ್ತಾರೆ ಹೇಳಿ?"

ಬಾಗಿಲ ಹೊರಗೆ ನಿಂತು ಕೇಳುತ್ತಿದ್ದ ಮಾರ್ಲಿಸ್ ಒಳಗೆ ಬಂದಳು. ಒಳ್ಳೆಯ ಹೆಂಗಸು. ವೆರ್ನಾಳ ಅರ್ಜಿಯಲ್ಲಿ ಓರಿನ್ನನ ಕಾಯಿಲೆಯ ವಿಚಾರ ಓದಿದ್ದಳು, ಕರುಳು ಚುರುಕ್ ಅಂದಿತ್ತು. ಹಾಗಾಗಿ ಅವಳೇ ದಾರಿ ತೋರಿಸಿದಳು. ತಪಾಸಕರ ಹುದ್ದೆ ಕೊಡಲಾಗದಿದ್ದರೆ ಬೇಡ. ಅಭ್ಯರ್ಥಿಯ ಹುದ್ದೆಯನ್ನೇ ಸೃಷ್ಟಿಸಬಹುದಲ್ಲ?

ಆ ಸಂಜೆಯೇ ಪ್ರಕಟಣೆ ಹೊರಟಿತು: "ಪರೀಕ್ಷಾ ಕೇಂದ್ರದ ಸುಗಮ ಕಾರ್ಯನಿರ್ವಹಣೆಯ ದೃಷ್ಟಿಯಿಂದ ಖಾಯಂ ಅಭ್ಯರ್ಥಿ ಎಂಬ ಒಂದು ಹುದ್ದೆಯನ್ನು ಮಂಜೂರು ಮಾಡಲಾಗಿದೆ. ಸದರಿಯವರು ಪ್ರತಿ ಮಂಗಳವಾರ ಪರೀಕ್ಷೆಗೆ ಹಾಜರಾಗಿ ಅನುತ್ತೀರ್ಣರಾಗತಕ್ಕದ್ದು. ಒಮ್ಮೆ ಉತ್ತೀರ್ಣರಾದಲ್ಲಿ ಕರ್ತವ್ಯಲೋಪವೆಂದು ಪರಿಗಣಿಸಿ ಹುದ್ದೆಯಿಂದ ತೆಗೆಯಲಾಗುವುದು. ಆಕ್ಷೇಪಾರ್ಹ ವಸ್ತುವನ್ನು ಕೇಂದ್ರದ ಒಳಗಾಗಲಿ ಹೊರಗಾಗಲಿ ಗುರುತಿಸಿದ್ದು ಕಂಡುಬಂದಲ್ಲಿಯೂ ಇದೇ ಕ್ರಮ."

"ವಿಮೆ?" ಎಂದು ಕೇಳಿದಳು ವೆರ್ನಾ. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

"ಮೊದಲ ದಿನದಿಂದ. ಮನೆಯವರಿಗೂ ಸೇರಿ," ಅಂದರು ಪೆಲ್ಹ್ಯಾಮ್. "ತಪಾಸಕಿ ಆಗಿದ್ರೆ ಆರು ತಿಂಗಳು ಕಾಯ್ಬೇಕಿತ್ತು."

"ಆದ್ರೆ ಸಾರ್, ನನಗೆ ಕಾಣುತ್ತೆ. ಕಂಡಿದ್ದನ್ನ ಕಂಡಿಲ್ಲ ಅಂತ ಹೇಗೆ ಹೇಳ್ಲಿ?"

"ಅಭ್ಯಾಸ ಆಗುತ್ತೆ," ಅಂದರು ಪೆಲ್ಹ್ಯಾಮ್ ಸಮಾಧಾನದ ದನಿಯಲ್ಲಿ. "ನಮಗೆಲ್ಲ ಆಗ್ಲಿಲ್ವಾ?"

ಅಭ್ಯಾಸವಾಗುವುದು ಸುಲಭವಾಗಿರಲಿಲ್ಲ. ಮೊದಲ ಮಂಗಳವಾರ ಎಷ್ಟು ತಡೆದರೂ ಬಾಯಿ ಕೇಳದೆ ನಲವತ್ತೆಂಟು ಸರಿಯುತ್ತರ ಕೊಟ್ಟುಬಿಟ್ಟಳು. ಆ ಉತ್ತರಪತ್ರಿಕೆ ಬಿಸಿನೀರಿನ ಕೊಳದಲ್ಲಿ ಬಿದ್ದು ಹಾಳಾಯಿತೆಂದು ಪಂಚನಾಮೆ ಬರೆಯಬೇಕಾಯಿತು. ಎರಡನೆಯ ವಾರಕ್ಕೆ ವರ್ಜೀನಿಯಾದಿಂದ ಅನುತ್ತೀರ್ಣತಾ ತರಬೇತುದಾರರೊಬ್ಬರನ್ನು ಹೆಂಡತಿ ಸಮೇತ ಕರೆಸಿದರು. ಆತ ಸಹನಾಮೂರ್ತಿ. "ಚೀಲ ನೋಡ್ಬೇಡಿ ಅಮ್ಮಾ, ಪರದೆ ಅಂಚು ನೋಡಿ. ಮನಸ್ಸಿನಲ್ಲಿ ಮಧ್ಯಾಹ್ನದ ಊಟ ನೆನೆಸ್ಕೊಳ್ಳಿ," ಎಂದು ಹೇಳಿಕೊಟ್ಟ. ವೆರ್ನಾ ಊಟ ನೆನೆಸಿಕೊಂಡಳು, ಅದರಿಂದಾಗಲಿಲ್ಲ. ಓರಿನ್ನನ ಬೆರಳು ನೆನೆಸಿಕೊಂಡಳು. ಆಗ ಪರದೆಯ ಮೇಲಿನ ಚಾಕು ಚಾಕುವಾಗಿಯೇ ಇದ್ದರೂ ಬಾಯಿಗೆ "ಬಾಚಣಿಗೆ" ಅಂತ ಬಂತು. ಆ ವಾರ ಇಪ್ಪತ್ತು, ಮುಂದಿನ ವಾರ ಹದಿನಾಲ್ಕು. ನಾಲ್ಕನೆಯ ವಾರಕ್ಕೆ ಅವಳು ಐವತ್ತಕ್ಕೆ ಹನ್ನೊಂದು ತೆಗೆದು ಕೇಂದ್ರದ ಗೌರವ ಉಳಿಸಿದಳು. ಏಳು ವಾರಕ್ಕೆ ಮುಗಿಯಬೇಕಿದ್ದ ಕೇಂದ್ರವನ್ನು ಮಂಡಳಿ, ಅಭ್ಯರ್ಥಿಗಳ ಗುಣಮಟ್ಟದ ಬಗ್ಗೆ ಕಳವಳ ವ್ಯಕ್ತಪಡಿಸಿ, ಮುಂದಿನ ಆದೇಶದವರೆಗೆ ವಿಸ್ತರಿಸಿತು.

ಖಾಯಂ ಅಭ್ಯರ್ಥಿಯು ಸ್ವಂತ ಗಾಡಿಯಲ್ಲಿ ಬಂದರೆ ಖರ್ಚು ಏರುವುದಿಲ್ಲವಾದ್ದರಿಂದ ವಿಮಾನದಲ್ಲೇ ಬರಬೇಕೆಂದು ಗೊತ್ತಾಯಿತು. ಪ್ರತಿ ಸೋಮವಾರ ಸಂಜೆ ಬಿಟರ್ ಫೋರ್ಕಿನಿಂದ ಹೊರಡುವುದು, ಬುಧವಾರ ಬೆಳಗ್ಗೆ ವಾಪಸಾಗುವುದು.

"ಏನಾಯ್ತು ಈ ಸಲ?" ಎಂದು ಓರಿನ್ ಕಾಫಿ ಕಪ್ಪು ತಾನೇ ಎತ್ತಿ ಕುಡಿಯುತ್ತ ಕೇಳುವನು.

"ಫೇಲಾದೆ."

"ಎಷ್ಟು?"

"ಒಂಬತ್ತು."

"ಪರವಾಗಿಲ್ವೇ. ಹಿಂದಿನ ಸಲಕ್ಕಿಂತ ಎರಡು ಕಮ್ಮಿ," ಎಂದು ಅವನು ಹೆಮ್ಮೆಪಡುವನು. ಹೆಮ್ಮೆ ಸುಳ್ಳಲ್ಲ. ಆ ಹೆಮ್ಮೆ ಕಂಡು ವೆರ್ನಾ ಮುಖ ತಿರುಗಿಸುತ್ತಿದ್ದಳು, ಆದರೆ ಅವನು ಕಪ್ಪು ಎತ್ತುವುದನ್ನು ನೋಡಿ ಇನ್ನಷ್ಟು ಕಾಫಿ ಬಗ್ಗಿಸುತ್ತಿದ್ದಳು.

ಇತ್ತ ಬಿಟರ್ ಫೋರ್ಕಿನಲ್ಲಿ ನಾಲ್ಕು ಹುದ್ದೆಯೂ ಖಾಲಿ. ಹಾಗೆಂದು ಪ್ರಯಾಣಿಕರ ಸುರಕ್ಷತೆಯನ್ನು ಗಾಳಿಗೆ ತೂರಲಾದೀತೇ? ಮಂಡಳಿ ಕೊಲೊರಾಡೊದ ಡೆನ್ವರಿನಿಂದ ದಿನಾ ಬೆಳಗ್ಗೆ ನಾಲ್ಕು ಜನ ತಾತ್ಕಾಲಿಕ ತಪಾಸಕರನ್ನು ವಿಮಾನದಲ್ಲಿ ಕಳಿಸಿತು. ಅವರ ಮೇಲೆ ಇಬ್ಬರು ಮೇಲ್ವಿಚಾರಕರು, ಭತ್ಯೆ ಬರೆಯಲು ಮೂವರು ಗುಮಾಸ್ತರು, ಭತ್ಯೆಯಲ್ಲಿ ಮೋಸವಾಗದಂತೆ ಐವರು ಪರಿಶೋಧಕರು, ಇಷ್ಟೊಂದು ಜನ ಯಾಕೆಂದು ಅಧ್ಯಯನ ಮಾಡುವ ನಾಲ್ಕು ಜನರ ಸಮಿತಿ. ಊರಿಗೆ ಬರುತ್ತಿದ್ದ ಆ ಒಂದೇ ವಿಮಾನದಲ್ಲಿದ್ದದ್ದು ಹತ್ತೊಂಬತ್ತು ಸೀಟು. ಉಳಿದ ಒಂದು ಸೀಟು, ಸೋಮವಾರ ಸಂಜೆ ಮತ್ತು ಬುಧವಾರ ಬೆಳಗ್ಗೆ, ಖಾಯಂ ಅಭ್ಯರ್ಥಿಗೆ ಮೀಸಲು; ಬೇರೆ ದಿನ ಅದರಲ್ಲಿ ಕಡತ ಕೂರುತ್ತಿತ್ತು. ಬೆಳಗ್ಗೆ ಒಂಬತ್ತಕ್ಕೆ ಇಳಿದು ಇವರೆಲ್ಲ ಯಂತ್ರ ಹಚ್ಚುವರು. ಊರಿನವರಿಗೆ ಟಿಕೆಟ್ ಸಿಗದಿದ್ದ ಕಾರಣ ತಪಾಸಣೆಗೆ ಯಾರೂ ಬರುತ್ತಿರಲಿಲ್ಲ. ಸಂಜೆ ಐದಕ್ಕೆ ಒಬ್ಬರ ಚೀಲವನ್ನೊಬ್ಬರು ಕೂಲಂಕಷವಾಗಿ ತಪಾಸಿಸಿ, ಒಬ್ಬರನ್ನೊಬ್ಬರು ಮುಟ್ಟಿ ನೋಡಿ, ವಂದಿಸಿ, ಅದೇ ವಿಮಾನ ಹತ್ತಿ ಹೋಗುವರು.

ಊರಿನವರು ದೂರಲಿಲ್ಲ. ಹದಿನೆಂಟು ಜನ ದಿನಾ ಮಧ್ಯಾಹ್ನ ಉಣ್ಣುತ್ತಿದ್ದರು. ಊಟದ ಮನೆಯಾಕೆ ಇನ್ನೊಂದು ಕೌಂಟರು ಕಟ್ಟಿಸಿದಳು. ಸರ್ಕಾರಿ ದರ ಸಿಗುವಷ್ಟು ದಿನ ಸಿಗಲೆಂದು ಮೋಟೆಲಿನವನು ಅವರಿಗೆ ಹಗಲು ಮಲಗಲು ಕೋಣೆ ಬಾಡಿಗೆಗೆ ಕೊಟ್ಟ. ಡೆನ್ವರಿಗೆ ಹೋಗಬೇಕಾದವರು ಹನ್ನೆರಡು ಗಂಟೆ ಬಸ್ಸಿನಲ್ಲಿ ಕೂತು ಹೋಗಿ ಬಂದು, ನಿಲ್ದಾಣ ಈಗ ಎಷ್ಟು ಭದ್ರವಾಗಿದೆಯೆಂದು ಹೊಗಳಿದರು. ಜುಲೈ ತಿಂಗಳಲ್ಲಿ ಪುರಸಭೆ ಸೇರಿ, ತಪಾಸಕರ ಸಂಖ್ಯೆ ಹೆಚ್ಚಿಸಲು ಎರಡನೆಯ ವಿಮಾನ ಬೇಕೆಂದು ಮನವಿ ಕಳಿಸಿತು.

ಅದೇ ತಿಂಗಳ ಒಂದು ಸೋಮವಾರ ಸಂಜೆ ಪರಿಶೋಧಕರೊಬ್ಬರಿಗೆ ಜ್ವರ ಬಂದು ಮೋಟೆಲಿನಲ್ಲೇ ಉಳಿದರು. ಒಂದು ಸೀಟು ತೆರವಾಯಿತು. ಅದು ಸಿಕ್ಕಿದ್ದು ಹಾರ್ಲನ್ ಟ್ವೀಟ್ ಎಂಬ ಮುದುಕನಿಗೆ. ಊರಿನಾಚೆ ದನ ಸಾಕಿಕೊಂಡಿದ್ದವನು, ಓರಿನ್ನನ ಹಳೆಯ ಸ್ನೇಹಿತ, ಡೆನ್ವರಿನಲ್ಲಿ ತಂಗಿಯ ಮಗಳ ಮದುವೆಗೆ ಹೊರಟಿದ್ದ. ಖಾಯಂ ಅಭ್ಯರ್ಥಿಯನ್ನು ಬಿಟ್ಟರೆ ಐದು ತಿಂಗಳಲ್ಲಿ ನಿಲ್ದಾಣಕ್ಕೆ ಬಂದ ಮೊದಲ ಪ್ರಯಾಣಿಕ ಅವನೇ. ಸಾಲಿನಲ್ಲಿ ಅವನು ಮುಂದೆ, ವೆರ್ನಾ ಹಿಂದೆ.

ಹಾರ್ಲನ್ನನ ಚೀಲ ಯಂತ್ರದೊಳಗೆ ಹೋಯಿತು. ಪರದೆಯ ಮುಂದಿದ್ದದ್ದು ಟೋಬಿನ್ ಎಂಬ ಯುವಕ, ಒಳ್ಳೆಯ ಮನೆತನದವನು, ಇದುವರೆಗೆ ಸಹೋದ್ಯೋಗಿಗಳ ಚೀಲ ಬಿಟ್ಟು ಬೇರೆ ಕಂಡವನಲ್ಲ. ಅವನು ಚೀಲ ಸಾಗಿಸುವ ಪಟ್ಟಿ ನಿಲ್ಲಿಸಿದ. ಮುಂದಕ್ಕೆ ಬಾಗಿದ. ಮಡಿಸಿದ ಅಂಗಿಗಳ ನಡುವೆ, ಹಿಡಿ, ನಳಿಗೆ, ಕುದುರೆ ಎಲ್ಲ ಎದ್ದು ಕಾಣುವಂತೆ, ಒಂದು ಪಿಸ್ತೂಲು ಮಲಗಿತ್ತು. ಟೋಬಿನ್ ಮೇಲ್ವಿಚಾರಕರನ್ನು ಕರೆದ. ಅವರು ನೋಡಿ ಸಮಿತಿಯನ್ನು ಕರೆದರು. ಯಾರೂ ಹೀಗೇ ಎಂದು ಹೇಳುವ ಜವಾಬ್ದಾರಿ ಹೊರಲು ಸಿದ್ಧರಿರಲಿಲ್ಲ. ಕೊನೆಗೆ ಒಬ್ಬರಿಗೆ ವೆರ್ನಾಳ ನೆನಪಾಯಿತು.

"ಅಮ್ಮಾ, ನೀವು ವಾರಾ ವಾರಾ ಇಂಥಾದ್ದೇ ಐವತ್ತು ನೋಡ್ತೀರಿ. ಇಡೀ ರಾಜ್ಯದಲ್ಲಿ ನಿಮ್ಮಷ್ಟು ಅನುಭವ ಯಾರಿಗೂ ಇಲ್ಲ," ಅಂದ ಟೋಬಿನ್. "ಇದೇನಿರಬಹುದು?"

ವೆರ್ನಾ ನೋಡಿದಳು. ಪಿಸ್ತೂಲಿನೊಳಗೆ ಗುಂಡು ಎಷ್ಟಿದೆಯೆಂಬುದೂ ಕಂಡಿತು. ಕೇಂದ್ರದ ಒಳಗಾಗಲಿ ಹೊರಗಾಗಲಿ ಎಂಬ ಮಾತೂ ನೆನಪಾಯಿತು. ಐವರು ಪರಿಶೋಧಕರಲ್ಲಿ ಜ್ವರ ಬಾರದ ನಾಲ್ವರು ಪೆನ್ನು ತೆರೆದು ನಿಂತಿದ್ದರು.

ಅಷ್ಟರಲ್ಲಿ ಹಾರ್ಲನ್ ಕುತ್ತಿಗೆ ಚಾಚಿ ಪರದೆ ನೋಡಿದ. "ಅಯ್ಯೋ, ಅದು ನನ್ನ ಪಿಸ್ತೂಲಪ್ಪ. ಹುಲ್ಲುಗಾವಲಲ್ಲಿ ಹಾವಿಗೆ ಅಂತ ಇಟ್ಕೊಂಡಿರ್ತೀನಿ, ತೆಗೆಯೋದು ಮರೆತೇಬಿಟ್ಟೆ. ತಗೊಳ್ಳಿ, ತೆಗೆದಿಟ್ಕೊಳ್ಳಿ."

"ಸ್ವಲ್ಪ ಇರಿ ತಾತ," ಅಂದರು ಮೇಲ್ವಿಚಾರಕರು. "ಪ್ರಯಾಣಿಕರ ಹೇಳಿಕೆ ನಮಗೆ ಆಧಾರ ಅಲ್ಲ. ಗುರುತಿಸೋದು ನಮ್ಮ ಕೆಲಸ."

"ಹಾಗಾದ್ರೆ ಗುರುತಿಸಿ. ವೆರ್ನಾ, ನೀನಾದ್ರೂ ಹೇಳು ಇವರಿಗೆ. ಹನ್ನೊಂದು ವರ್ಷ ನನ್ನ ಜೇಬಿನ ಸೂಜಿಮೊನೇನೂ ಬಿಡದೆ ಹಿಡಿದೋಳು ನೀನು."

ವೆರ್ನಾಳಿಗೆ ನಾಚಿಕೆಯಾಯಿತು. ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು. ಹೇಳಿದರೆ ಮುಂದಿನ ವಾರದ ಸೂಜಿ ಇಲ್ಲ. ಅದರಾಚೆಯ ವಾರವೂ ಇಲ್ಲ. ಅವಳು ಹಾರ್ಲನ್ನನ ಮುಖ ನೋಡಲಿಲ್ಲ, ಪರದೆಯ ಅಂಚು ನೋಡಿದಳು.

"ನನಗೇನೂ ಕಾಣ್ತಿಲ್ಲ, ಹಾರ್ಲನ್," ಅಂದಳು.

ಹಾರ್ಲನ್ ಅವಳನ್ನೇ ನೋಡಿದ. ಪೆನ್ನು ತೆರೆದ ನಾಲ್ವರನ್ನು ನೋಡಿದ. ಮುದುಕ ದಡ್ಡನಲ್ಲ. ನಿನ್ನೆ ಮಧ್ಯಾಹ್ನವಷ್ಟೇ ಓರಿನ್ನನ ಜಗಲಿಯಲ್ಲಿ ಕೂತು ಇಸ್ಪೀಟಾಡಿ ಬಂದಿದ್ದ. ಎಲೆಗಳನ್ನು ಕಲಸಿ ಹಂಚಿದ್ದು ಓರಿನ್ನನೇ.

"ಸರಿ ಬಿಡಿ," ಅಂದ. "ನನಗೂ ಕಣ್ಣು ಮಂಜು. ಶೂ ಇರಬೇಕು."

"ಶೂ," ಎಂದು ಟೋಬಿನ್ ನಿಟ್ಟುಸಿರು ಬಿಟ್ಟು ಬರೆದುಕೊಂಡ. ಮೇಲ್ವಿಚಾರಕರು ಅನುಮೋದಿಸಿದರು. ಪರಿಶೋಧಕರು ಖಾಯಂ ಅಭ್ಯರ್ಥಿಯ ಕರ್ತವ್ಯನಿಷ್ಠೆಯ ಬಗ್ಗೆ ಎರಡು ಸಾಲು ಒಳ್ಳೆಯ ಮಾತು ಸೇರಿಸಿದರು. ಹಾರ್ಲನ್ ಚೀಲವನ್ನು ಹೆಗಲಿಗೇರಿಸಿ, ವೆರ್ನಾ ಹತ್ತಲೆಂದು ಏಣಿಯ ಬಳಿ ಪಕ್ಕಕ್ಕೆ ಸರಿದು ಕೈ ಕೊಟ್ಟ.

ವಿಮಾನ ಸರಿಯಾದ ಹೊತ್ತಿಗೆ ಹಾರಿತು. ಆ ದಿನ ಬಿಟರ್ ಫೋರ್ಕ್ ನಿಲ್ದಾಣದಲ್ಲಿ ಯಾವುದೇ ಆಕ್ಷೇಪಾರ್ಹ ವಸ್ತು ಕಂಡುಬಂದಿರುವುದಿಲ್ಲವೆಂದು ದಾಖಲಾಯಿತು. ಇಂಥ ದಾಖಲೆಗೆ ಸಾರ್ವಜನಿಕರೊಬ್ಬರ ಸಾಕ್ಷಿ ಬೇಕಾಗುತ್ತದೆ. ಲಭ್ಯವಿದ್ದ ಸಾರ್ವಜನಿಕರು ಒಬ್ಬರೇ ಆದ್ದರಿಂದ, ಮೋಡದ ಮೇಲೆ, ಪಿಸ್ತೂಲಿನ ಚೀಲವನ್ನು ಮಣೆಯಂತೆ ತೊಡೆಯ ಮೇಲಿಟ್ಟುಕೊಂಡು, ಹಾರ್ಲನ್ ಸಹಿ ಹಾಕಿದ.